ಒಂದು ಗೇಣು ಕೆಳಗೆ

ಈ ವರ್ಷ ಬೇಸಿಗೆಗೆ ಮೊದಲು, ಕುಂಡಗಳಿಗೆ ಹಾಕೋಣವೆಂದು ನರ್ಸರಿಯಿಂದ ಒಂದು ಕೋಕೋಪೀಟ್ ಇಟ್ಟಿಗೆ ತಂದು ಬಕೆಟ್ಟಿನಲ್ಲಿ ನೆನೆಹಾಕಿದೆ. ಅರಸೀಕೆರೆಯಲ್ಲಿ ಮನೆ ಮಾಡಿಕೊಂಡು ತೆಂಗಿನ ನಾರಿನ ಪುಡಿಯನ್ನು ಅಂಗಡಿಯಿಂದ ತರುವವಳು ನಾನೊಬ್ಬಳೇ ಇರಬೇಕು. ಊರಿನ ಯಾವ ದಿಕ್ಕಿಗೆ ಹೋದರೂ ರಸ್ತೆ ಬದಿಯಲ್ಲಿ ಸಿಪ್ಪೆಯ ಗುಡ್ಡೆ ಬಿದ್ದಿರುತ್ತದೆ. ಆದರೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ಗುಲಾಬಿಯ ಚಿತ್ರ ಅಂಟಿಸಿ ಕೊಟ್ಟರೇ ನಮಗೆ ನಂಬಿಕೆ. ಅರ್ಧ ಗಂಟೆ ಬಿಟ್ಟು ಬಗ್ಗಿ ನೋಡಿದೆ. ಇಟ್ಟಿಗೆ ಉಬ್ಬಿ ಒಡೆದಿತ್ತು, ನೀರು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಮತ್ತೆ ಆ ವಾಸನೆ... ನೆನೆದ ಒಣಗಾಯಿ ಸಿಪ್ಪೆಯ ವಾಸನೆ, ಸ್ವಲ್ಪ ಕಮಟು, ಸ್ವಲ್ಪ ಹುಳಿ. ಬಗ್ಗಿದವಳು ಹಾಗೇ ನಿಂತುಬಿಟ್ಟೆ. ನನಗೆ ಹತ್ತು ವರ್ಷ ವಯಸ್ಸಾಗಿದ್ದಾಗ ಆ ವಾಸನೆ ಬರುತ್ತಿದ್ದದ್ದು ನನ್ನ ಸೊಂಟದಿಂದ.

ಸಿಪ್ಪೆ ಸುಲಿಯದ ಎರಡು ಒಣಗಾಯಿಗಳನ್ನು ಹಗ್ಗದಲ್ಲಿ ಜೋಡಿಸಿ, ನನ್ನ ಸೊಂಟಕ್ಕೆ ಕಟ್ಟಿ, ಪಕ್ಕದ ತೋಟದ ದೊಡ್ಡಮ್ಮ ನನ್ನನ್ನು ಬಾವಿಗೆ ಇಳಿಸುತ್ತಿದ್ದರು. ಕಾಯಿ ತೇಲುತ್ತದೆ, ಕಟ್ಟಿಕೊಂಡವರೂ ತೇಲುತ್ತಾರೆ. ಕಣಕಟ್ಟೆ ಕಡೆಯ ನಮ್ಮೂರಲ್ಲಿ ಈಜು ಕಲಿತವರೆಲ್ಲ ಹೀಗೇ ಕಲಿತದ್ದು. ಹಳೆಯ ನೆನಪು ಬಂತಲ್ಲ ಅಂತ ಸಂತೋಷ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಯಾಕೆಂದರೆ ಅಂದು ಬೆಳಿಗ್ಗೆಯಷ್ಟೇ ಈಜುಕೊಳದಲ್ಲಿ ಮಾನ ಕಳೆದುಕೊಂಡು ಬಂದಿದ್ದೆ. ಆ ಮಾನ ಹೋಗುವುದಕ್ಕೆ ಕಾರಣ ಈ ದೊಡ್ಡಮ್ಮನೇ ಎಂದು ಗಟ್ಟಿಯಾಗಿ ನಂಬಿದ್ದೆ.

ಮೊದಲು ಈಜುಕೊಳದ ವಿಷಯ ಹೇಳಿಬಿಡುತ್ತೇನೆ. ನನಗೀಗ ಐವತ್ತೇಳು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಬೋರ್ಡಿನ ಮೇಲೆ ಬರೆದೂ ಬರೆದೂ ಬಲಭುಜ ಹಿಡಿದುಕೊಂಡು, ಜಡೆ ಹಾಕಿಕೊಳ್ಳಲೂ ಕೈ ಏಳದ ಹಾಗಾದಾಗ ಡಾಕ್ಟರು ಈಜು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಅಂಗಾತ ಮಾತ್ರ ಎಂದೆ. ಅದೇ ಒಳ್ಳೆಯದು, ಶುರು ಮಾಡಿ ಎಂದರು. ಊರಾಚೆ ಹೊಸ ಬಡಾವಣೆಯಲ್ಲಿ ಒಂದು ಈಜುಕೊಳ ಆಗಿತ್ತು. ಬೆಳಿಗ್ಗೆ ಏಳರಿಂದ ಎಂಟು ಹೆಂಗಸರಿಗೆ. ಕಲಿಸುವವಳು ಇಪ್ಪತ್ತೈದರ ಒಬ್ಬಳು ಹುಡುಗಿ, ಕೊರಳಲ್ಲಿ ಸೀಟಿ, ಕೈಯಲ್ಲೊಂದು ವಾಚು. ನಾನು ಈಜು ಬರುತ್ತದೆ ಎಂದು ಜಂಬದಿಂದಲೇ ಇಳಿದೆ. ಇಪ್ಪತ್ತೈದು ಮೀಟರ್ ದಾಟಿ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಾಗ ಅವಳು ಮೇಲಿಂದ ಬಗ್ಗಿ, "ಆಂಟಿ, ಎಷ್ಟು ಸಲ ಕೈ ಬೀಸಿದ್ರಿ ಗೊತ್ತಾ? ನಲವತ್ತೆರಡು" ಎಂದಳು. ಪಕ್ಕದಲ್ಲಿ ಹದಿಮೂರು ವರ್ಷದ ಒಂದು ಕೂಸು ಇಪ್ಪತ್ತೆರಡಕ್ಕೆ ಮುಗಿಸಿ ಆಕಳಿಸುತ್ತಿತ್ತು.

ಅಲ್ಲಿಂದ ಶುರುವಾಯಿತು ನನ್ನ ಗೋಳು. ಅವಳು ಹೇಳುವುದೆಲ್ಲ ತಲೆಗೆ ಅರ್ಥವಾಗುತ್ತಿತ್ತು, ಮೈಗೆ ಆಗುತ್ತಿರಲಿಲ್ಲ. ಅಂಗಾತ ಈಜುವಾಗ ಭುಜ ಹಲಗೆಯ ಹಾಗೆ ಸಮವಾಗಿರಬಾರದಂತೆ. ಕೈ ನೀರೊಳಗೆ ಹೋದ ಕಡೆಯ ಭುಜ ಕೆಳಗಿಳಿಯಬೇಕು, ಇನ್ನೊಂದು ಕಡೆಯದು ನೀರಿನಿಂದ ಮೇಲೇಳಬೇಕು. ಮೈ ಹೀಗೆ ಆಚೆ ಈಚೆ ಹೊರಳಿದರೆ ಕೈ ಆಳಕ್ಕೆ ಹೋಗಿ ನೀರನ್ನು ಹಿಡಿದು ತಳ್ಳುತ್ತದೆ. ಹೊರಳದಿದ್ದರೆ ಕೈ ಮೇಲುಮೇಲಿನ ನೀರನ್ನೇ ಸವರಿಕೊಂಡು ಬರುತ್ತದೆ, ಭುಜದ ಕೀಲು ತಾನೇ ಎಲ್ಲ ಭಾರ ಎಳೆದು ನೋಯುತ್ತದೆ. ಎರಡನೆಯದು ತಲೆ. ನಾನು ಗದ್ದ ಒತ್ತಿ ತಲೆಯೆತ್ತಿ ನನ್ನ ಎದೆಯನ್ನೇ ನೋಡುತ್ತೇನಂತೆ. ತಲೆ ಎದ್ದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಕಾಲು ಸೈಕಲ್ ತುಳಿಯುತ್ತದೆ. "ಆಕಾಶ ನೋಡಿ ಆಂಟಿ. ಕಿವಿ ನೀರೊಳಗೆ ಇರ್ಲಿ. ಭುಜ ತಿರುಗ್ಸಿ" ಎಂದು ಅವಳು ದಿನಕ್ಕೆ ನೂರು ಸಲ ಕೂಗುತ್ತಿದ್ದಳು. ನಾನು ಜಪ್ಪಯ್ಯ ಎಂದರೂ ತಿರುಗುತ್ತಿರಲಿಲ್ಲ. ಎರಡು ತಿಂಗಳ ಮೇಲೂ ನಲವತ್ತೊಂದು, ನಲವತ್ತೆರಡು, ಒಂದು ದಿನ ನಲವತ್ತಮೂರು. ಮೂವತ್ತಮೂರು ವರ್ಷದಿಂದ ದಡ್ಡ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಒಂದೇ ತಪ್ಪನ್ನು ನೂರು ಸಲ ಮಾಡುವ ಮಕ್ಕಳ ಮೇಲೆ ರೇಗಿದ್ದೇನೆ. ಆ ರೇಗಾಟವೆಲ್ಲ ಈಗ ನನ್ನ ಕಡೆಗೇ ತಿರುಗಿತ್ತು.

ಯಾರು ಕಲಿಸಿದ್ದು ಎಂದು ಆ ಹುಡುಗಿ ಮೊದಲ ವಾರವೇ ಕೇಳಿದ್ದಳು. "ಯಾರೂ ಇಲ್ಲಮ್ಮ. ಬಾವೀಲಿ ನಾವೇ ಬಿದ್ದು ಕಲಿತದ್ದು" ಎಂದುಬಿಟ್ಟಿದ್ದೆ.

ಸುಳ್ಳು. ನಾನು ಬಿದ್ದು ಕಲಿತದ್ದಲ್ಲ. ದೊಡ್ಡಮ್ಮ ಐದು ಬೇಸಿಗೆ ನೀರಲ್ಲಿ ನಿಂತು ಕಲಿಸಿದರು.

ಅವರು ನಮಗೆ ನೆಂಟರಲ್ಲ. ನಮ್ಮದು ರಾಗಿ ಬೆಳೆಯುವ ಒಕ್ಕಲುಮನೆ. ಬೇಲಿಯಾಚೆಗಿನ ಅವರದ್ದು ಲಿಂಗವಂತರ ಮನೆ, ತೆಂಗಿನ ತೋಟ, ಕೊಬ್ಬರಿ ವ್ಯಾಪಾರ, ಮಠಕ್ಕೆ ನಡೆದುಕೊಳ್ಳುವವರು. ಆದರೆ ನಾನು ಮಾತು ಕಲಿತಾಗಿನಿಂದ ಅವರನ್ನು ದೊಡ್ಡಮ್ಮ ಎಂದೇ ಕರೆದದ್ದು. ಅವರ ತವರು ಹಳೇಬೀಡಿನ ಹತ್ತಿರದ ಮಾದಿಹಳ್ಳಿ. ಕೆರೆ ನೀರು ನೋಡಿಕೊಂಡು ಬೆಳೆದವರು, ಅಣ್ಣಂದಿರ ಜೊತೆ ಕದ್ದು ಈಜು ಕಲಿತವರು. ಮದುವೆಯಾಗಿ ನಮ್ಮ ಕಡೆಯ ಒಣಭೂಮಿಗೆ ಬಂದ ಮೇಲೆ ಅವರಿಗೆ ಉಳಿದದ್ದು ತೋಟದ ಬಾವಿ ಒಂದೇ. ಚೌಕಾಕಾರದ ಕಲ್ಲುಕಟ್ಟಿನ ಬಾವಿ, ಒಂದು ಮೂಲೆಯಲ್ಲಿ ಮೆಟ್ಟಿಲು. ದೊಡ್ಡಪ್ಪ ಕೊಬ್ಬರಿ ಚೀಲ ಹೇರಿಸಿಕೊಂಡು ಅರಸೀಕೆರೆ ಮಂಡಿಗೆ ಹೋದ ದಿನ ಮಧ್ಯಾಹ್ನ ಅವರು ಸೀರೆಯನ್ನು ಗಂಡುಗಚ್ಚೆ ಬಿಗಿದು ನೀರಿಗೆ ಇಳಿಯುತ್ತಿದ್ದರು. ದೊಡ್ಡಪ್ಪನಿಗೆ ಗೊತ್ತಿತ್ತು. ಮಂಡಿಯಿಂದ ಬಂದವರು ತಂತಿಯ ಮೇಲಿನ ಒದ್ದೆ ಸೀರೆ ನೋಡಿ, ಮಾತಾಡದೆ ಕೈಕಾಲು ತೊಳೆಯಲು ಹೋಗುತ್ತಿದ್ದರು.

ದೊಡ್ಡಮ್ಮ ಈಜುತ್ತಿದ್ದದ್ದು ಅಂಗಾತವೊಂದೇ. ಅದಕ್ಕೆ ಕಾರಣ ಅವರ ಕೊರಳಲ್ಲಿದ್ದ ಲಿಂಗದ ಕಾಯಿ, ಅಂದರೆ ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಬೋರಲು ಈಜಿದರೆ ಅದು ದಾರದಲ್ಲಿ ಕೆಳಕ್ಕೆ ಜೋತು ನೀರೊಳಗೆ ಒದ್ದಾಡುತ್ತದೆ, ಅದು ಅವರಿಗೆ ಸರಿಬರುತ್ತಿರಲಿಲ್ಲ. ಅಂಗಾತ ಮಲಗಿದರೆ ಎದೆಯ ಮೇಲೆ ಕೂರುತ್ತದೆ. ಆದರೆ ಅಲ್ಲೂ ಒಂದು ತೊಡಕು. ಮೈ ಒಂದು ಚೂರು ಆಚೆ ಈಚೆ ಆದರೂ ಜಾರಿ ಕಂಕುಳಿಗೆ ಹೋಗಿ ಬೀಳುತ್ತದೆ. ಹಾಗಾಗಿ ಅವರು ಎರಡೂ ಭುಜ ಸಮ ಇಟ್ಟು, ಗದ್ದ ಒತ್ತಿ, ಎದೆಯ ಮೇಲೆ ಅದು ಇದೆಯೋ ಇಲ್ಲವೋ ಎಂದು ಕಣ್ಣಲ್ಲೇ ಕಾಯುತ್ತಾ, ಕೈಗಳನ್ನು ಮಾತ್ರ ಎತ್ತಿ ಹಾಕುತ್ತಾ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿದ್ದರು. ನನ್ನ ಕಣ್ಣಿಗೆ ಅದರಷ್ಟು ಚೆಂದದ್ದು ಆಗ ಬೇರೆ ಇರಲಿಲ್ಲ. ಒಂದು ಅಲೆ ಏಳುತ್ತಿರಲಿಲ್ಲ. ಮೇಲೆ ಚೌಕ ಆಕಾಶ, ನಾಲ್ಕು ಕಡೆಯಿಂದ ಬಗ್ಗಿದ ತೆಂಗಿನ ಗರಿ, ಕೆಳಗೆ ದೊಡ್ಡಮ್ಮ ಅಲುಗಾಡದೆ ಹೋಗುತ್ತಿದ್ದಾರೆ...

ನನಗೂ ಹಾಗೇ ಕಲಿಸಿದರು. ಒಣಗಾಯಿ ಕಟ್ಟಿಕೊಂಡು ತೇಲುವುದು ಬಂದ ಮೇಲೆ ಕಾಯಿ ಬಿಚ್ಚಿಸಿದರು. ನನ್ನ ಕೊರಳಲ್ಲಿ ಲಿಂಗ ಇಲ್ಲವಲ್ಲ, ಅದಕ್ಕೆ ಒಂದು ಕರಟದಲ್ಲಿ ನಾಲ್ಕು ಹನಿ ನೀರು ಹಾಕಿ ನನ್ನ ಎದೆಯ ಮೇಲೆ ಇಟ್ಟರು.

"ಈಗ ಹೋಗವ್ವ ಆ ಗೋಡೆಗೆ. ಕರಟ ಮಗುಚಬಾರ್ದು. ಮಗುಚಿದ್ರೆ ವಾಪಸ್ ಬಂದು ಮೊದ್ಲಿಂದ."

ಎಷ್ಟು ಸಲ ಮಗುಚಿತೋ. ಎಷ್ಟು ಸಲ ನೀರು ಕುಡಿದೆನೋ. ಅವರಿಗೆ ಸಾಕು ಎನ್ನುವುದೇ ಇರಲಿಲ್ಲ. ಕುತ್ತಿಗೆಮಟ್ಟ ನೀರಿನಲ್ಲಿ ಮೆಟ್ಟಿಲ ಮೇಲೆ ನಿಂತು, ನನ್ನ ಬೆನ್ನ ಕೆಳಗೆ ಅಂಗೈ ಕೊಟ್ಟು, ನಾನು ತೇಲಿದೆ ಎಂದು ಗೊತ್ತಾದ ಕೂಡಲೇ ಅಂಗೈ ತೆಗೆಯುತ್ತಿದ್ದರು. ಮೂರನೇ ಬೇಸಿಗೆಗೆ ನಾನು ಆ ಕರಟದ ನೀರು ತುಳುಕದ ಹಾಗೆ ಬಾವಿಯ ಆಚೆ ದಡ ಮುಟ್ಟಿ ಬರುತ್ತಿದ್ದೆ. ದೊಡ್ಡಮ್ಮ ಹೊಗಳುವವರಲ್ಲ. ಅಂಥ ದಿನ ಅವರ ಮನೆಯಲ್ಲಿ ನನಗೆ ಎರಡು ಹೋಳಿಗೆ ಸಿಗುತ್ತಿತ್ತು, ಅಷ್ಟೆ.

ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಗೆ ಒಂದು ಸುತ್ತೋಲೆ ಬಂತು. ಮೈಸೂರಿನಲ್ಲಿ ವಿಭಾಗ ಮಟ್ಟದ ಈಜು ಪಂದ್ಯ, ಹೆಣ್ಣುಮಕ್ಕಳಿದ್ದರೆ ಕಳಿಸಿ ಎಂದು. ಸುತ್ತಮುತ್ತ ಈಜು ಬರುವ ಇನ್ನೊಬ್ಬ ಹುಡುಗಿ ಇಲ್ಲದ್ದರಿಂದ ಯಾರನ್ನೂ ಸೋಲಿಸದೆ ನಾನು ಆಯ್ಕೆಯಾದೆ. ಡ್ರಿಲ್ ಮೇಷ್ಟ್ರು ಮತ್ತು ನಮ್ಮಪ್ಪ ಕರೆದುಕೊಂಡು ಹೋದರು. ಹೊರಡುವ ದಿನ ದೊಡ್ಡಮ್ಮ ನನ್ನ ಹಣೆಗೆ ವಿಭೂತಿ ಹಚ್ಚಿ, "ಮೈ ಅಲುಗಾಡಿಸ್ಬೇಡ, ಅಷ್ಟೇಯ" ಎಂದರು.

ನಾನು ಅಲುಗಾಡಿಸಲಿಲ್ಲ. ಐವತ್ತು ಮೀಟರ್ ಅಂಗಾತ ಈಜು. ಉಳಿದ ಐದು ಹುಡುಗಿಯರು ಮುಗಿಸಿ, ಮೇಲೆ ಹತ್ತಿ, ಟವೆಲು ಸುತ್ತಿಕೊಂಡು ನಿಂತಾಗ ನಾನಿನ್ನೂ ಅರ್ಧ ದಾರಿಯಲ್ಲಿದ್ದೆ. ಎದೆಯ ಮೇಲೆ ಕರಟ ಇಲ್ಲದಿದ್ದರೂ ಇದೆ ಎನ್ನುವ ಹಾಗೆ ಕತ್ತೆತ್ತಿ ನೋಡುತ್ತಾ ಬರುತ್ತಿದ್ದೆ. ಕೊನೆಗೆ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇವತ್ತಿಗೂ ನನಗೆ ಕೇಳಿಸುತ್ತದೆ, ಪಾಪ ಎನ್ನುವ ಚಪ್ಪಾಳೆ. ಗೋಡೆ ಹತ್ತಿರ ನಿಂತಿದ್ದ ಒಬ್ಬರು ತರಬೇತುದಾರರು ಬೈಯುವ ದನಿಯಲ್ಲೇನೂ ಅಲ್ಲ, ಕುತೂಹಲಕ್ಕೆ ಎಂಬಂತೆ ಕೇಳಿದರು: "ಯಾರಮ್ಮ ಹೀಗೆ ಹೇಳಿಕೊಟ್ಟಿದ್ದು? ಭುಜಕ್ಕೆ ಹಗ್ಗ ಕಟ್ಟಿದ ಹಾಗೆ ಈಜ್ತೀಯಲ್ಲ. ಭುಜ ಹೊರಳಿಸ್ಬೇಕು." ನಮ್ಮಪ್ಪ ಅಲ್ಲೇ ನಿಂತಿದ್ದರು. ಅವರು ನನ್ನ ಕಡೆ ನೋಡದೆ ಚೀಲದಲ್ಲಿ ಏನೋ ಹುಡುಕತೊಡಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಊರಿಗೆ ಬಂದ ಮಾರನೆಯ ದಿನ ಬೇಲಿ ದಾಟಿ ಹೋದೆ. ದೊಡ್ಡಮ್ಮ ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದರು. ನಾನು ಅಂಗಳದ ಅಂಚಿನಲ್ಲೇ ನಿಂತು, ಹದಿನೈದು ವರ್ಷದ ಹುಡುಗಿಯರ ಬಾಯಿಗೆ ಬರುವ ವಿಷವನ್ನೆಲ್ಲ ಕಕ್ಕಿದೆ.

"ನಿಮಗೆ ಈಜೇ ಬರಲ್ಲ ದೊಡ್ಡಮ್ಮ. ನಿಮ್ಮದು ಈಜಲ್ಲ, ಲಿಂಗದ ಕಾಯಿ ಕಾಯೋದು. ನನಗೂ ಅದನ್ನೇ ಕಲಿಸಿ ಅಷ್ಟು ಜನರ ಮುಂದೆ ಮಾನ ಕಳೆದ್ರಿ."

ಬೇರೆ ಯಾರಾದರೂ ಆಗಿದ್ದರೆ ಕಪಾಳಕ್ಕೆ ಕೊಡುತ್ತಿದ್ದರು. ಕೊಟ್ಟಿದ್ದರೆ ಚೆನ್ನಾಗಿತ್ತು. ಲಿಂಗದ ಮಾತು ಎತ್ತಿದ್ದಕ್ಕಾದರೂ ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕೊಬ್ಬರಿ ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಿಜವಾಗಿ ತಿಳಿಯಬೇಕೆನ್ನುವ ಹಾಗೆ ಕೇಳಿದರು.

"ಮತ್ತೆ ಹೆಂಗಂತೆ? ಭುಜ ಏನ್ ಮಾಡ್ಬೇಕಂತೆ?"

"ಹೊರಳಿಸ್ಬೇಕಂತೆ."

ಅವರ ಕೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು. "ಹೊರಳಿದ್ರೆ ಇದೆಲ್ಲಿರ್ಬೇಕವ್ವ?"

"ನನಗೇನು ಗೊತ್ತು" ಎಂದು ತಿರುಗಿ ಬಂದೆ. ಆಮೇಲೆ ಆ ಬಾವಿಗೆ ನಾನು ಇಳಿಯಲಿಲ್ಲ.

ಮಾತು ಬಿಟ್ಟೆವು ಎಂದಲ್ಲ. ಮಾತು ಬಿಡುವಷ್ಟು ನೇರವಂತಿಕೆ ನನಗಿದ್ದಿದ್ದರೆ ಬಹುಶಃ ಎಂದಾದರೂ ಜಗಳವಾಡಿ ಸರಿಯಾಗುತ್ತಿತ್ತು. ಹಬ್ಬಕ್ಕೆ ಎಳ್ಳುಬೆಲ್ಲ ಕೊಡಲು ಹೋಗುತ್ತಿದ್ದೆ, ಅವರು ಬಂದರೆ ಕಾಫಿ ಮಾಡಿಕೊಡುತ್ತಿದ್ದೆ, ನನ್ನ ಮದುವೆಯಲ್ಲಿ ಅವರ ಕಾಲಿಗೂ ಬಿದ್ದೆ. ಕೆಲಸ ಸಿಕ್ಕಿ ಹಳೇಬೀಡಿಗೆ ಹೋದೆ. ಹತ್ತು ವರ್ಷ ಅಲ್ಲಿದ್ದೆ. ದಿನಾ ಶಾಲೆಗೆ ಹೋಗುವಾಗ ಆ ದೊಡ್ಡ ಕೆರೆ ಕಣ್ಣಿಗೆ ಬೀಳುತ್ತಿತ್ತು. ನೀರು ನೋಡಿದರೆ ನನಗೆ ಚಪ್ಪಾಳೆ ನೆನಪಾಗುತ್ತಿತ್ತು, ಮುಖ ತಿರುಗಿಸಿ ನಡೆಯುತ್ತಿದ್ದೆ. ರಜಕ್ಕೆ ತವರಿಗೆ ಬಂದಾಗಲೆಲ್ಲ ದೊಡ್ಡಮ್ಮ ಬೇಲಿ ಹತ್ತಿರ ಬಂದು ಅದೇ ಮಾತು ಕೇಳುತ್ತಿದ್ದರು. "ಬಾವಿ ಕಡೀಕೆ ಬತ್ತೀಯೇನವ್ವ ಒಂದ್ ಗಳಿಗೆ?"

ನಾನು ಪ್ರತಿ ಸಲವೂ ಒಂದೊಂದು ನೆಪ ಹೇಳಿದೆ. ಮಗುವಿಗೆ ನೆಗಡಿ. ಬಸ್ಸಿಗೆ ಹೊತ್ತಾಯಿತು. ಪೇಪರ್ ತಿದ್ದುವುದಿದೆ. "ಇನ್ನೊಂದ್ಸಲ ಬರ್ತೀನಿ ದೊಡ್ಡಮ್ಮ." ಅವರು "ಆಗ್ಲೇಳು" ಎಂದು ಹೋಗುತ್ತಿದ್ದರು. ವಯಸ್ಸಾದವರಿಗೆ ಹಳೆಯದನ್ನು ಕೆದಕುವ ಚಪಲ, ಮತ್ತೆ ಕರಟ ಇಟ್ಟು ಈಜು ಎನ್ನುತ್ತಾರೆ ಎಂದು ನಾನು ಒಳಗೊಳಗೇ ಮೂಗು ಮುರಿಯುತ್ತಿದ್ದೆ. ಹನ್ನೆರಡು ವರ್ಷದ ಹಿಂದೆ ಅವರು ಹೋದರು. ನಾನು ಹೋಗಿ ತಲುಪುವಷ್ಟರಲ್ಲಿ ತೋಟದ ಮೂಲೆಯಲ್ಲಿ ಸಮಾಧಿ ಮಾಡಿ ಮುಗಿಸಿದ್ದರು. ಬಾವಿ ಅಷ್ಟು ಹೊತ್ತಿಗೆ ಬತ್ತಿ, ಒಳಗೆಲ್ಲ ಗರಿ, ಮಟ್ಟೆ ತುಂಬಿತ್ತು. ಬೋರ್‌ವೆಲ್ ಬಂದು ಎಷ್ಟೋ ವರ್ಷವಾಗಿತ್ತು.

ಇಷ್ಟೆಲ್ಲ ಆ ಬಕೆಟ್ಟಿನ ಮುಂದೆ ನಿಂತಾಗ ಒಂದೇ ಏಟಿಗೆ ಬಂತು. ನಲವತ್ತೆರಡು ಸಲ ಕೈ ಬೀಸುವ ಈ ದರಿದ್ರ ಈಜು ನನ್ನದಲ್ಲ, ಅವರದ್ದು. ಐದು ಬೇಸಿಗೆ ಕಷ್ಟಪಟ್ಟು ಮೈಗೆ ಹಾಕಿಸಿಕೊಂಡ ತಪ್ಪು ಈಗ ಬಿಡಿಸಿದರೂ ಬಿಡುತ್ತಿಲ್ಲ. ತಿಳಿಯದವರು ಯಾಕೆ ಕಲಿಸಬೇಕಿತ್ತು? ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ನಿಷ್ಪ್ರಯೋಜಕ ಎಂದು ಗೊತ್ತಿದ್ದೂ ಮಾಡಿಕೊಂಡೆ.

ಅದಾಗಿ ಒಂದು ವಾರಕ್ಕೆ ಈಜುಕೊಳದ ಹುಡುಗಿ ಒಂದು ಪ್ಲಾಸ್ಟಿಕ್ ಲೋಟ ಹಿಡಿದು ಬಂದಳು. ನೀರಿನಲ್ಲಿ ನನ್ನನ್ನು ಅಂಗಾತ ಮಲಗಿಸಿ, ಲೋಟದಲ್ಲಿ ಅರ್ಧ ನೀರು ತುಂಬಿ, ನನ್ನ ಹಣೆಯ ಮೇಲೆ ಇಟ್ಟಳು.

"ಇದು ಬೀಳಬಾರ್ದು ಆಂಟಿ. ತಲೆ ಮಾತ್ರ ಅಲ್ಲಾಡಬಾರ್ದು. ಭುಜ, ಸೊಂಟ ಎಷ್ಟು ಬೇಕಾದ್ರೂ ತಿರುಗ್ಲಿ."

ನಾನು ಹೋಗಲಿಲ್ಲ. ಹಣೆಯ ಮೇಲೆ ಲೋಟ ಇಟ್ಟುಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು ಹಾಗೇ ತೇಲುತ್ತಾ ಇದ್ದೆ. ಅದೇ ಕರಟ. ಅದೇ ನಾಲ್ಕು ಹನಿ ನೀರು, ಅದೇ ಮಗುಚಬಾರದು ಎನ್ನುವ ಮಾತು. ಇಟ್ಟ ಜಾಗ ಮಾತ್ರ ಬೇರೆ. ಎದೆಯಿಂದ ಹಣೆಗೆ ಎಷ್ಟು ದೂರ, ಒಂದು ಗೇಣು ಇದ್ದೀತು. ಎದೆಯ ಮೇಲಿಟ್ಟರೆ ಭುಜ ಕಟ್ಟಿಕೊಳ್ಳುತ್ತದೆ, ಅದನ್ನು ನೋಡಲು ತಲೆ ಏಳುತ್ತದೆ, ಸೊಂಟ ಮುಳುಗುತ್ತದೆ. ಹಣೆಯ ಮೇಲಿಟ್ಟರೆ ತಲೆ ನಿಲ್ಲುತ್ತದೆ, ಕಣ್ಣು ಆಕಾಶಕ್ಕೆ ಹೋಗುತ್ತದೆ, ಕೆಳಗಿನದೆಲ್ಲ ಬಿಡುಗಡೆಯಾಗುತ್ತದೆ. ಎಂಥ ಒಳ್ಳೆಯ ಉಪಾಯವನ್ನು ಎಂಥ ಕೆಟ್ಟ ಜಾಗದಲ್ಲಿ ಇಟ್ಟಿದ್ದರು. ಒಂದೇ ಒಂದು ಗೇಣು ಮೇಲಿಟ್ಟಿದ್ದರೆ... ಆ ಹುಡುಗಿ "ಯಾಕಾಂಟಿ, ಭಯನಾ?" ಎಂದಳು. ಇಲ್ಲ ಎಂದು ಕಾಲು ಬಡಿದೆ. ಮೂರು ಬಡಿತಕ್ಕೆ ಲೋಟ ಬಿತ್ತು. ಆವತ್ತು ಹದಿನೇಳು ಸಲ ಬಿತ್ತು, ನಾನು ಹದಿನೇಳು ಸಲವೂ ಅದನ್ನು ಶಪಿಸುತ್ತಾ ಮತ್ತೆ ಇಟ್ಟುಕೊಂಡೆ.

ಮೇ ತಿಂಗಳಲ್ಲಿ ಬೇಲೂರಿನ ಒಂದು ಛತ್ರದಲ್ಲಿ ಪರಿಚಯದವರ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವರು ದೊಡ್ಡಮ್ಮನ ಸೊಸೆ. ಗೆಂಡೆಹಳ್ಳಿ ಕಡೆಯವರು, ನನಗಿಂತ ಎರಡು ವರ್ಷ ಚಿಕ್ಕವರು. ನೋಡಿ ಬಹಳ ದಿನವಾಗಿತ್ತು. ಭುಜ ನೋವಿನ ಮಾತು ಬಂತು, ಅಲ್ಲಿಂದ ಈಜಿನ ಮಾತು ಬಂತು. ನಾನು ಸುಮ್ಮನಿರಬಹುದಿತ್ತು. ಆದರೆ ನಾಲಿಗೆ ನಿಲ್ಲಬೇಕಲ್ಲ. ನಿಮ್ಮತ್ತೆ ಎದೆ ಮೇಲೆ ಕರಟ ಇಟ್ಟು ಕಲಿಸಿದ್ದರಿಂದ ನಾನೀಗ ಪಡಬಾರದ ಪಾಡು ಪಡುತ್ತಿದ್ದೇನೆ ಎಂದು, ನಗುನಗುತ್ತಲೇ, ಆಡಿಬಿಟ್ಟೆ.

ಅವರು ಕೋಸಂಬರಿ ತಿನ್ನುತ್ತಿದ್ದ ಕೈ ನಿಲ್ಲಿಸಿದರು. "ಎದೆ ಮೇಲಾ? ಇಲ್ಲ ಕಣಕ್ಕ. ನಮ್ಮತ್ತೆ ತಲೆಗೆ ಕಟ್ಕಂತಿದ್ರಲ್ಲ."

"ಏನನ್ನ?"

"ಲಿಂಗಾನ. ಬಿಳೀ ವಸ್ತ್ರದಾಗೆ ಸುತ್ತಿ ಹಣೆ ಮೇಲಕ್ಕೆ ಬರೋ ಹಂಗೆ ತಲೆಗೆ ಕಟ್ಕಂಡು ಬಾವಿಗೆ ಇಳಿಯೋರು. ನಾನು ಮದ್ವೆಯಾಗಿ ಬಂದ ವರ್ಷವೇ ನೋಡ್ದೆ. ನಂಗೆ ಭಯ ಆಯ್ತು, ಇದೇನು ಇವ್ರು ಹಿಂಗೆ ಅಂತ. ಮಠಕ್ಕೋಗಿ ಸ್ವಾಮೇರನ್ನ ಕೇಳ್ಕಂಡು ಬಂದಿದ್ರಂತೆ, ತಲೆ ಮೇಲೆ ಕಟ್ಕಂಡ್ರೆ ತಪ್ಪಾ ಅಂತ. ಹೊಕ್ಕಳಿಂದ ಮೇಲೆ ಎಲ್ಲಿದ್ರೂ ತಪ್ಪಿಲ್ಲ ಅಂದ್ರಂತೆ ಸ್ವಾಮೇರು. ಮೊದ್ಲು ತೋಳಿಗೆ ಕಟ್ಕಂಡು ನೋಡಿದ್ರಂತೆ, ಆಗ್ಲಿಲ್ವಂತೆ. ಆಮೇಲೆ ತಲೆಗೆ."

ಎಲೆಯ ಮೇಲೆ ಅನ್ನ ಬಿತ್ತು, ಸಾರು ಬಿತ್ತು. ನಾನು ಕೈ ಹಾಕಲಿಲ್ಲ. "ಹಂಗೆ ಕಟ್ಕೊಂಡು ಹೇಗೆ ಈಜ್ತಿದ್ರು?" ಎಂದು ಕೇಳಿದೆ.

"ನಂಗೇನ್ ಗೊತ್ತಾಗುತ್ತಕ್ಕ ಈಜು. ಹಿಂಗಿಂಗೆ ಹೊರಳ್ಕಂಡು ಹೋಗೋರು." ಅವರು ಕೂತಲ್ಲೇ ಒಮ್ಮೆ ಎಡಭುಜ, ಒಮ್ಮೆ ಬಲಭುಜ ಇಳಿಸಿ ತೋರಿಸಿದರು. ತಲೆ ಅಲುಗಾಡಲಿಲ್ಲ. "ಸರಿ ಐತಾ ನೋಡೇ ಅಂತ ನಂಗೇ ದಿನಾ ಕೇಳೋರು. ನಾನು ಚೆನ್ನಾಗೈತೆ ಬಿಡಿ ಅತ್ತೆ ಅನ್ನೋಳು. ಒಂದಿನ ಅಂದ್ರು, ನೀನು ಹೇಳಿದ್ರೆ ಏನ್ ಬಂತವ್ವ, ಅವಳು ನೋಡಿ ಹೇಳ್ಬೇಕು, ಅವಳು ಮೈಸೂರಿಗೋಗಿ ಸರಿಯಾದ್ದು ನೋಡ್ಕಂಡು ಬಂದವಳೆ ಅಂತ. ನಿಮ್ಮನ್ನೇ ಅಂದಿದ್ದು. ನೀವು ಬಂದಾಗೆಲ್ಲ ಕರೀತೀನಿ, ಪಾಪ ಅವಳ್ಗೆ ಪುರುಸೊತ್ತಿರಲ್ಲ ಅನ್ನೋರು."

ಅವರು ಕುಹಕಕ್ಕೆ ಹೇಳಲಿಲ್ಲ. ಮಜ್ಜಿಗೆ ಬಡಿಸುವವನನ್ನು ಕರೆದು ನನ್ನ ಲೋಟಕ್ಕೂ ಹಾಕಿಸಿದರು.

ಬೇಲೂರಿನಿಂದ ಅರಸೀಕೆರೆಗೆ ಬರುವ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಅವರ ಮೇಲೆ ಸಾಕಿಕೊಂಡಿದ್ದ ಸಿಟ್ಟು ಈಗ ಕೂರಲು ಜಾಗವಿಲ್ಲದೆ ನನ್ನ ಮೇಲೇ ಬಂದು ಕೂತಿತ್ತು. ಶಾಲೆಯ ಮೆಟ್ಟಿಲು ಕಾಣದ ಹೆಂಗಸು, ನಾನು ಮುಖಕ್ಕೆ ಎಸೆದ ಒಂದೇ ಒಂದು ಮಾತನ್ನು ಇಟ್ಟುಕೊಂಡು, ಗುರುಗಳ ಅಪ್ಪಣೆ ಕೇಳಿ, ತೋಳಿಗೆ ಕಟ್ಟಿ, ಆಗದೆ ತಲೆಗೆ ಕಟ್ಟಿ, ಯಾರೂ ತೋರಿಸದೆ ತಪ್ಪನ್ನು ತಿದ್ದಿಕೊಂಡಿದ್ದರು. ಈಜುಕೊಳದ ಹುಡುಗಿ ಲೋಟ ಇಡಲು ಯಾವುದೋ ತರಬೇತಿಯಲ್ಲಿ ಕಲಿತಿರಬೇಕು. ದೊಡ್ಡಮ್ಮ ಬಾವಿಯಲ್ಲಿ ಒಬ್ಬರೇ ಮಲಗಿ ಕಂಡುಕೊಂಡಿದ್ದರು. ನಾನು, ಓದಿದವಳು, ಅವರು ಕರೆದಾಗ ಹಳೆಯದಕ್ಕೇ ಕರೆಯುತ್ತಿದ್ದಾರೆ ಎಂದುಕೊಂಡೆ. ಹೊಸದನ್ನು ತೋರಿಸಲು ಕರೆಯುತ್ತಿದ್ದಾರೆ ಎಂಬ ಯೋಚನೆ ಒಂದು ಸಲವೂ ಬರಲಿಲ್ಲ. ಮಕ್ಕಳು ತಿದ್ದಿಕೊಂಡು ತಂದ ಲೆಕ್ಕವನ್ನು ನೋಡದೆ ನೋಟ್‌ಬುಕ್ ಪಕ್ಕಕ್ಕೆ ಎಸೆಯುವ ಮೇಷ್ಟರನ್ನು ನಾನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ.

ಈಗಲೂ ಬೆಳಿಗ್ಗೆ ಈಜಲು ಹೋಗುತ್ತೇನೆ. ಸುಲಭವಾಗಿದೆ ಎಂದು ಹೇಳಲಾರೆ. ಎಡಕ್ಕೆ ಹೊರಳುವುದು ಬಂತು, ಬಲಕ್ಕೆ ಇನ್ನೂ ಮೊಂಡು. ನೋಡನೋಡುತ್ತಾ ಗದ್ದ ಮತ್ತೆ ಎದೆಗೆ ಇಳಿಯುತ್ತದೆ. ಕಿರುಬೆರಳು ಮೊದಲು ನೀರಿಗೆ ಹೋಗಬೇಕು, ನನ್ನದು ಅಂಗೈ ಅಗಲಿಸಿಕೊಂಡು ಪಟ್ಟೆಂದು ಬಡಿಯುತ್ತದೆ. ನಲವತ್ತೆರಡು ಮೂವತ್ತೈದಕ್ಕೆ ಇಳಿದು ಅಲ್ಲೇ ಹಟ ಹಿಡಿದು ಕೂತಿತ್ತು. ಕಳೆದ ಗುರುವಾರ ಯಾಕೋ ಮೈ ತಾನಾಗಿ ಹೊರಳಿತು. ಭುಜ ಇಳಿದಾಗ ಕೈಗೆ ನೀರು ಗಟ್ಟಿಯಾಗಿ, ಹಿಡಿಯಬಹುದಾದ ವಸ್ತುವಿನ ಹಾಗೆ ಸಿಕ್ಕಿತು. ನೋಯಲಿಲ್ಲ. ಮೂವತ್ತೊಂದಕ್ಕೆ ಗೋಡೆ ಮುಟ್ಟಿದೆ.

ಆ ಹುಡುಗಿ ಬಗ್ಗಿ, "ಈಗ ಸರಿ ಆಯ್ತು ಆಂಟಿ" ಎಂದಳು. ಹೇಳಿ, ಪಕ್ಕದವರ ಕಡೆ ತಿರುಗಿದಳು. ಎಷ್ಟು ಸಲೀಸಾಗಿ ಅಂದುಬಿಟ್ಟಳು... ಆ ಬಾವಿಯ ಕಲ್ಲುಮೆಟ್ಟಿಲ ಮೇಲೆ ಐದು ನಿಮಿಷ ಕೂತು, ನಾನು ಹೇಳಬೇಕಾಗಿದ್ದದ್ದೂ ಇಷ್ಟೇ. ಈಗ ಸರಿ ಆಯ್ತು ದೊಡ್ಡಮ್ಮ.